ಕೈ ಎತ್ತಿದರೆ ದೀಪ

ತಾನು ಬದುಕಿದ್ದೇನೆಂದು ಮನುಷ್ಯ ಸಾಬೀತು ಮಾಡಬೇಕಾದ ಸಂದರ್ಭಗಳು ಹೆಚ್ಚಿಲ್ಲ. ಪಿಂಚಣಿದಾರರಿಗೆ ವರ್ಷಕ್ಕೊಮ್ಮೆ ಆ ಭಾಗ್ಯ ಉಂಟು. ನಾನಿನ್ನೂ ನಿವೃತ್ತನಾಗಿಲ್ಲ, ಆದರೂ ದಿನವಿಡೀ ಸಾಬೀತು ಮಾಡುತ್ತಲೇ ಇರುತ್ತೇನೆ, ಎರಡೂ ಕೈ ಮೇಲೆತ್ತಿ.

ದಾವಣಗೆರೆಯ ಹೊರಗಿರುವ ನಮ್ಮ ವಿಶ್ವವಿದ್ಯಾಲಯ ತನ್ನ ಆವರಣವನ್ನೇ ಪರಿಸರ ಉಳಿಸುವ ಪ್ರಯೋಗಗಳಿಗೆ ಒಪ್ಪಿಸಿಬಿಟ್ಟಿದೆ. ಕ್ಯಾಂಟೀನಿನ ಮುಸುರೆ ಗ್ಯಾಸಾಗುತ್ತದೆ, ಹಾಸ್ಟೆಲಿನ ಸ್ನಾನದ ನೀರು ಗಿಡಕ್ಕೆ ಹೋಗುತ್ತದೆ. ಇತಿಹಾಸ ವಿಭಾಗದಿಂದ ಇಂಥದ್ದೇನೂ ಹುಟ್ಟದೆಂದು ತಿಳಿದು ನಮ್ಮ ಕೊಠಡಿಗಳಿಗೆ ಸೆನ್ಸರ್ ದೀಪ ಹಾಕಿದರು. ಒಳಗಿರುವವರು ಅಲುಗಾಡಿದರೆ ಉರಿಯುತ್ತದೆ. ಇಲ್ಲದಿದ್ದರೆ ಫ್ಯಾನನ್ನೂ ಜೊತೆಗೆ ಕರೆದುಕೊಂಡು ಆರಿಹೋಗುತ್ತದೆ. ನಾನೋ ಓದಲು ಕುಳಿತರೆ ಕಲ್ಲು. ಪುಟ ಮಗುಚುವಷ್ಟರ ಚಲನೆಯನ್ನು ಆ ಯಂತ್ರ ಬದುಕೆಂದು ಒಪ್ಪುವುದಿಲ್ಲ. ಪ್ರಯೋಗ ನೋಡಿಕೊಳ್ಳುವ ಎಂಜಿನಿಯರಿಂಗ್ ಹುಡುಗಿ ಮಂಜುಳಾ, “ಸುಮ್ನೆ ಕುಂತ್ರೆ ಅದಕ್ಕೆ ಗೊತ್ತಾಗಲ್ಲ ಸರ್, ಆಗಾಗ ಕೈ ಆಡಿಸ್ರಿ” ಎಂದಳು.

ಆಡಿಸಿದ್ದು ಸಾಲಲಿಲ್ಲವೆಂದು ಕಾಣುತ್ತದೆ. ನನ್ನ ಕೊಠಡಿ ಬಹುಪಾಲು ಖಾಲಿ ಇರುತ್ತದೆ, ಸೋಲಾರ್ ಬ್ಯಾಟರಿ ಇಡಲು ಪ್ರಶಸ್ತ ಎಂದು ಯಂತ್ರ ವರದಿ ಕೊಟ್ಟಿತು. ಇನ್ನೊಂದು ವಾರ ಪರೀಕ್ಷಿಸಿ ತೀರ್ಮಾನವೆಂದರು.

ಬ್ಯಾಟರಿಯ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆ ಕೊಠಡಿಯಲ್ಲಿ ಎರಡು ಮೇಜುಗಳಿವೆ. ಎದುರಿನದು ಹರಿಹರದ ರುದ್ರಪ್ಪನವರದು. ಹೋದ ಬೇಸಿಗೆಯಲ್ಲಿ ನಿವೃತ್ತರಾದರು. ಬೆಣ್ಣೆದೋಸೆಯ ಗರಿಗರಿಯನ್ನು ವರ್ಣಿಸುವುದಕ್ಕೂ ಅವರಿಗೆ ಎರಡು ಕೈ ಬೇಕು. ಅವರಿದ್ದಿದ್ದರೆ ಸೆನ್ಸರು ವಿಶ್ರಾಂತಿ ಕೇಳಿ ರಜೆ ಹಾಕುತ್ತಿತ್ತು. ಮೇಜಿನ ಮೇಲೆ ಅವರ ಮಿರ್ಚಿಯ ಎಣ್ಣೆ ಕಲೆ ಇನ್ನೂ ಇದೆ. ಐತಿಹಾಸಿಕ ಕುರುಹೆಂದು ನಾನು ಒರೆಸಲು ಬಿಟ್ಟಿಲ್ಲ.

ಅವರಿಗೇ ಫೋನು ಮಾಡಿದೆ.

“ಅಲ್ರೀ ಮೇಷ್ಟ್ರೇ, ನಿಮ್ಮ ರೂಮ್‌ನಾಗ ನೀವು ಅದೀರಿ ಅಂತ ಹೇಳಾಕ ನಾನು ಬರಬೇಕಾ?”

ಬಂದರು. ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿ ತಮ್ಮ ಹಳೆಯ ಕುರ್ಚಿಯಲ್ಲೇ ಕುಳಿತರು. ಮಿರ್ಚಿ ಹರಿಹರದ್ದು ಮೇಲೋ ದಾವಣಗೆರೆಯದೋ ಎಂಬ, ಮೂವತ್ತು ವರ್ಷಗಳಿಂದ ಇತ್ಯರ್ಥವಾಗದ ವಾದ ಮತ್ತೆ ಶುರುವಾಯಿತು. ದೀಪ ಕಣ್ಣು ಮಿಟುಕಿಸಲಿಲ್ಲ. ವಾರಪೂರ್ತಿ ಇದೇ ಸಂಶೋಧನೆ. ಕೊನೆಯ ದಿನ ಮಂಜುಳಾ ಬಾಗಿಲಲ್ಲಿ ನಿಂತು, “ರೂಮ್ ಉಳೀತು ಸರ್. ಆದ್ರ ಕರೆಂಟ್ ಭಾಳ ತಿಂದೈತೆ” ಎಂದು ಒಂದು ಮಿರ್ಚಿ ತೆಗೆದುಕೊಂಡು ಹೋದಳು.

“ಇನ್ನ ನನ್ನ ಕೆಲಸ ಇಲ್ಲ ಬಿಡ್ರಿ,” ರುದ್ರಪ್ಪನವರು ಎದ್ದರು.

ಇದೆ ಎನ್ನಬೇಕಿತ್ತು. ಬಸ್ಸು ತಪ್ಪೀತು ಎಂದೆ.

ಅವರು ಗೇಟು ಮುಟ್ಟುವವರೆಗೆ ಕಿಟಕಿಯಲ್ಲಿ ನಿಂತು ನೋಡಿದೆ. ನೋಡುವವನು ಅಲುಗಾಡುವುದಿಲ್ಲವಲ್ಲ, ದೀಪ ಆರಿತು. ಗೇಟಿನ ಬಳಿ ಅವರು ತಿರುಗಿ ಕೈ ಎತ್ತಿದರು. ನಾನೂ ಎತ್ತಿದೆ. ದೀಪ ಹತ್ತಿಕೊಂಡಿತು.

ಬಸ್ಸು ಹೋಯಿತು. ರಸ್ತೆ ಖಾಲಿಯಾದ ಮೇಲೂ ನಾನು ಕೈ ಬೀಸುತ್ತಲೇ ಇದ್ದೆ. ವಿಶ್ವವಿದ್ಯಾಲಯದ ಪ್ರಯೋಗಕ್ಕೆ ಸಹಕರಿಸುವುದು ನೌಕರನಾದವನ ಕರ್ತವ್ಯ.