ಮಾವಿನಕಾಯಿ ಚೀಟಿ

ಕೊಳ್ಳೇಗಾಲದ ಆ ಮಗ್ಗದ ಬೀದಿಯಲ್ಲಿ ಅವತ್ತು ಎದ್ದ ರಂಪಕ್ಕೆಲ್ಲ ಕಾರಣ ರುದ್ರಾಣಿಯ ಬಾಯಿಂದ ಜಾರಿದ ಒಂದು ಮಾತು. ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಚೌಡೇಶ್ವರಿ, "ಏನಕ್ಕ, ನಿಮ್ಮೆಜಮಾನ್ರು ಬೀದೀಲಿ ಕಾಣ್ಸೋದೇ ಇಲ್ವಲ್ಲ?" ಎಂದು ಕೇಳಿದಳು.

"ಮನೇಲೇ ಅವ್ರೆ ಕಣವ್ವ. ಬಾಗ್ಲು ಮುಂದಕ್ಕೆ ಮಾಡ್ಕೊಂಡು ಚೀಟಿ ಮಾಡ್ತಾವ್ರೆ. ಮಾವಿನಕಾಯಿ ಚೀಟಿ" ಎಂದಳು ರುದ್ರಾಣಿ.

ಅವಳು ಹೇಳಿದ್ದು ರೇಷ್ಮೆ ಸೀರೆಗೆ ಅಂದಕ್ಕೆ ಕಟ್ಟುವ ಚೀಟಿ. ಆದರೆ ಮಾರನೆಯ ದಿನ ಬೀದಿಯ ನೇಕಾರರ ಸಂಘಕ್ಕೆ ಅಧ್ಯಕ್ಷರ ಚುನಾವಣೆಯಿತ್ತು. ಬಸವಯ್ಯನ ಗುರುತು ಮಾವಿನಕಾಯಿ, ಪುಟ್ಟಸಿದ್ದಯ್ಯನ ಗುರುತು ನವಿಲು. ಸೀರೆಯ ಅಂಚು ಸೆರಗಿನ ಚಿತ್ರ ಬಿಟ್ಟರೆ ಮಗ್ಗದವರಿಗೆ ಬೇರೆ ಗುರುತು ಹೊಳೆದೀತಾದರೂ ಹೇಗೆ? ಆ ವಾರವೆಲ್ಲ ಬೀದಿಯಲ್ಲಿ ಚೀಟಿ ಎಂದರೆ ಓಟಿನ ಚೀಟಿಯೇ. ಚೌಡೇಶ್ವರಿ ಬೇರೆ ಪುಟ್ಟಸಿದ್ದಯ್ಯನ ಖಾಸಾ ತಂಗಿ. ಅರ್ಧ ತುಂಬಿದ ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಅಣ್ಣನ ಮನೆಗೆ ಓಡಿದಳು.

ಇತ್ತ ರುದ್ರಾಣಿಯ ಗಂಡ ರಾಮಲಿಂಗಯ್ಯನಿಗೆ ಇದಾವುದೂ ಗೊತ್ತಿಲ್ಲ. ಗುಂಡಿ ಮಗ್ಗ ತುಳಿದು ತುಳಿದು ಅವನ ಮಂಡಿ ಎರಡೂ ಹಳೇ ಬಾಗಿಲ ಕೀಲಿನಂತೆ ಕಿರಗುಟ್ಟುತ್ತಿದ್ದವು. ಮಗ್ಗಕ್ಕೆ ಇಳಿಯುವಂತಿಲ್ಲ. ರುದ್ರಾಣಿ ನೂಲು ಸುತ್ತಿ ತಂದದ್ದರಲ್ಲೇ ಮನೆ ನಡೆಯಬೇಕು. ಕೈ ಸುಮ್ಮನಿರಲಾರದೆ ಅವನು ಹಳೇ ಲಗ್ನಪತ್ರಿಕೆಗಳ ಗಟ್ಟಿ ಕಾಗದ ಕತ್ತರಿಸಿ, ಮೂಲೆ ಮುರಿದು, ಮಗ್ಗದಡಿ ಉದುರಿದ ಜರಿಯ ತುಣುಕನ್ನು ಮೈದಾ ಅಂಟಿನಲ್ಲಿ ಮಾವಿನಕಾಯಿಯ ಆಕಾರಕ್ಕೆ ಕೂರಿಸಿ, ದಬ್ಬಳದಲ್ಲಿ ತೂತು ಹಾಕಿ, ರೇಷ್ಮೆ ಕುಚ್ಚು ಕಟ್ಟಿದ್ದ. ಅದು ಮಾಂಬಳ್ಳಿಯಿಂದ ಬಂದು ಅಂಗಡಿ ಇಟ್ಟಿದ್ದ ಸಾಹುಕಾರ ಗುರುಮಲ್ಲಪ್ಪನ ಕಣ್ಣಿಗೆ ಬಿತ್ತು.

"ಸಂಜೆ ಬಸ್ಸಿಗೆ ಸೀರೆಗಳು ಮೈಸೂರಿಗೆ ಓಯ್ತವೆ. ಅಷ್ಟ್ರೊಳಗೆ ಎಲ್ಲಕ್ಕೂ ಇಂಥ ಚೀಟಿ ಮಾಡ್ಕೊಡಿ. ನಮ್ಮಂಗಡೀಲೇ ನಿಮಗೊಂದು ಚಾಪೆ ಆಸ್ಕೊಡ್ತೀನಿ. ಕಾಯಂ ಕೆಲ್ಸ, ತಿಂಗ್ಳ ಸಂಬ್ಳ. ಬಸ್ಸು ತಪ್ಪುದ್ರೆ ಮಾತ್ರ ಮಾತಿಲ್ಲ" ಎಂದಿದ್ದ.

ಆ ಚಾಪೆಯನ್ನೇ ನೆನೆಯುತ್ತ ಕೊನೆಯ ಕುಚ್ಚಿಗೆ ಗಂಟು ಹಾಕುವಾಗ ಬಾಗಿಲು ಧಡಾರೆಂದು ತೆರೆಯಿತು. ಪುಟ್ಟಸಿದ್ದಯ್ಯ!

"ಲೇ ರಾಮ್ಲಿಂಗ! ಕಳ್ಳ ಓಟು ಮಾಡ್ತಾ ಕೂತಿದ್ದೀಯೇನ್ಲಾ?"

"ಅಯ್ಯೋ, ಸೀರೆ ಚೀಟಿ ಕಣಣ್ಣ! ದಾರ ಅದೆ ನೋಡು!"

"ಕಾಣ್ತದೆ ಕಣ್ಲಾ! ಬಾವಿಗೆ ಬಿಂದಿಗೆ ಬಿಟ್ಟಂಗೆ ದಾರ ಇಡ್ಕೊಂಡು ಪೆಟ್ಗೆಯೊಳಕ್ಕೆ ಇಳೇಬುಡಕ್ಕೆ ತಾನೇ? ಒಂದು ಮಾವಿನಕಾಯಿ ಈ ಹೊಸಲು ದಾಟಿದ್ರೂ ಪೊಲೀಸ್ನೋರ್ನ ಕರೀತೀನಿ!"

ಪೊಲೀಸರೆಂದರೆ ಸಂಜೆ ಬಸ್ಸು ತಪ್ಪಿದಂತೆಯೇ. ರಾಮಲಿಂಗಯ್ಯ ಮಾವಿನಕಾಯಿಯನ್ನು ತಿರುಗಿಸಿ ನೋಡಿದ. ಕೆಂಪು ಕಾಗದದ ಕೊಕ್ಕು, ತಲೆಗೊಂದು ಜುಟ್ಟು, ಕೆಳಗೆ ಎರಡು ಕಾಲು ಅಂಟಿಸಿದರೆ ಅದು ನವಿಲೇ! ಒಂದನ್ನು ಮಾಡಿ ತೋರಿಸಿದ. ಪುಟ್ಟಸಿದ್ದಯ್ಯ ತಾನೇ ಗರಿಗೆದರಿದವನಂತೆ ಎದೆಯುಬ್ಬಿಸಿ, "ಇಂಗಿರ್ಬೇಕು!" ಎಂದು ಹೊರಟುಹೋದ.

ಬಿಸಿಲು ನೆತ್ತಿಗೆ ಬಂತು. ಗಂಡ ಕೊಕ್ಕು ಕತ್ತರಿಸಿದ, ಹೆಂಡತಿ ಕಾಲು ಅಂಟಿಸಿದಳು. ಅಷ್ಟರಲ್ಲಿ ಬಸವಯ್ಯ ನುಗ್ಗಿ ಬಂದ. ಪಕ್ಕದ ಬಿದಿರು ಕುಕ್ಕೆಯಿಂದ ಒಂದು ಚೀಟಿ ಎತ್ತಿಕೊಂಡವನ ಮುಖ ಹುಣಸೆಹಣ್ಣು ಕಚ್ಚಿದಂತಾಯಿತು.

"ನನ್ನ ಮಾವಿನಕಾಯಿಗೆ ಕಾಲು ಬರ್ಸಿದ್ದೀಯಲ್ಲೋ ಪಾಪಿ! ಆ ಪಾರ್ಟಿಗೆ ಓಡೋಗ್ಲಿ ಅಂತಲಾ?"

"ಬಸವಣ್ಣ, ನಂಗೆ ಓಟೂ ಬ್ಯಾಡ, ಗೀಟೂ ಬ್ಯಾಡ. ಸಂಜೆ ಬಸ್ಸು—"

"ಬಸ್ಸಿಗೆ ಬೆಂಕಿ ಬೀಳ್ಲಿ! ನವಿಲು ಕಾಣಿಸ್ತೋ, ನಿನ್ನ ಕುಕ್ಕೇನೇ ನಾಲೆಗೆ ಎಸೀತೀನಿ!"

ಅವನು ಹೋದ ಮೇಲೆ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಕಾಯೂ ಬ್ಯಾಡ, ನವಿಲೂ ಬ್ಯಾಡ. ಎಲ್ಲದ್ರ ಮೇಲೂ ದುಂಡ್ಗೆ ಜರಿ ಕಾಗ್ದ ಅಂಟುಸ್ಬುಡಿ" ಎಂದಳು ರುದ್ರಾಣಿ. ದುಂಡಗೆ ಕತ್ತರಿಸಿದರು, ಅಂಟಿಸಿದರು. ಅಂಟು ಮಾತ್ರ ಹಠ ಹಿಡಿದ ಮಗುವಿನಂತೆ ಒಣಗಲೇ ಒಲ್ಲದು. ರುದ್ರಾಣಿ ಮೊರದಿಂದ ಗಾಳಿ ಬೀಸಿದಳು, ಅವನು ಬಾಯಿಂದ ಊದಿದ. ಬಿಸಿಲು ಎದುರು ಮನೆಯ ಗೋಡೆ ಹತ್ತಿತು.

ಚೀಟಿಗಳನ್ನು ಕುಕ್ಕೆಗೆ ತುಂಬಿ ಜಗಲಿಗೆ ಬಂದರೆ ಎರಡೂ ಪಾರ್ಟಿಯವರು ಅಲ್ಲೇ ನಿಂತಿದ್ದರು! ಪುಟ್ಟಸಿದ್ದಯ್ಯ ಇಣುಕಿ ನೋಡಿ, "ಸೊನ್ನೆ! ನಂಗೆ ಸೊನ್ನೆ ಓಟು ಅಂತ ಬರ್ದವ್ನೆ!" ಎಂದು ಕಿರುಚಿದ.

"ನಿಂಗಲ್ಲ ಕಣಯ್ಯ, ನಂಗೆ!" ಎಂದ ಬಸವಯ್ಯ.

ಇಬ್ಬರೂ ಕುಕ್ಕೆಗೆ ಕೈ ಹಾಕಿದರು. ಇವನು ಈ ಕಡೆ ಎಳೆದ, ಅವನು ಆ ಕಡೆ ಎಳೆದ. ಬಿದಿರು ಲಟಲಟ ಎಂದಿತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಜನ್ಮದಲ್ಲಿ ಯಾರಿಗೂ ಗದರದ ರಾಮಲಿಂಗಯ್ಯ ಅಬ್ಬರಿಸಿದ:

"ಕೈ ಬುಡ್ರೋ! ಔದು ಕಣ್ರೋ, ಇಬ್ರಿಗೂ ಸೊನ್ನೇನೇ! ಇಬ್ರೂ ಸೋತ್ರೆ ಸಂಘ ಉದ್ಧಾರ ಆಯ್ತದೆ!"

ಇಬ್ಬರೂ ಕುಕ್ಕೆ ಬಿಟ್ಟರು. ಸಂಘದ ಹಿರಿಯ ರಂಗನಾಯಕ ಕೋಲು ಕುಟ್ಟಿ ಮುಂದೆ ಬಂದ. ಸಂಘ ಚಿಕ್ಕದು. ಅದರ ಕಾನೂನೆಲ್ಲ ಅವನ ಬಾಯಲ್ಲೇ ಇತ್ತು.

"ಇಬ್ರ ಮುಖಕ್ಕೂ ಹೊಡ್ದಂಗೆ ಹೇಳೋ ಗಂಡ್ಸು ಇವನೊಬ್ನೇ. ಇವನ್ನೇ ಅಧ್ಯಕ್ಷನ್ನ ಮಾಡ್ಬುಡಿ, ನಾಳೆ ಓಟೇ ಬ್ಯಾಡ."

ಪುಟ್ಟಸಿದ್ದಯ್ಯ ಗೆಲ್ಲದಿದ್ದರೆ ಸಾಕೆಂದು ಬಸವಯ್ಯ ಒಪ್ಪಿದ. ಬಸವಯ್ಯ ಗೆಲ್ಲದಿದ್ದರೆ ಸಾಕೆಂದು ಪುಟ್ಟಸಿದ್ದಯ್ಯನೂ ಒಪ್ಪಿದ. ಯಾರೋ ಚೆಂಡುಹೂವಿನ ಹಾರ ತಂದು ರಾಮಲಿಂಗಯ್ಯನ ಕೊರಳಿಗೆ ಹಾಕಿದರು. "ಅಯ್ಯೋ, ಮೊದ್ಲು ಬಸ್ಸು!" ಎಂದು ರಾಮಲಿಂಗಯ್ಯ ಗೋಗರೆದಾಗ ಜನ ಅವನನ್ನು ಕುಕ್ಕೆ ಸಮೇತ ಹೆಗಲ ಮೇಲೆ ಹೊತ್ತು ಅಂಗಡಿಗೆ ಓಡಿದರು.

ಅಂಗಡಿಯ ಮುಂದೆ ಕಂಡಕ್ಟರ್ ಬಸ್ಸಿನ ಬಾಗಿಲು ಬಡಿಯುತ್ತಿದ್ದ. ಹತ್ತಾರು ಕೈ ಸೇರಿ ಚೀಟಿ ಕಟ್ಟಿದರು. ಸೀರೆಯ ಗಂಟುಗಳು ಬಸ್ಸೇರಿದವು, ಬಸ್ಸು ಹೊರಟಿತು. ರಾಮಲಿಂಗಯ್ಯನಿಗೆ ಹೋದ ಉಸಿರು ವಾಪಸು ಬಂತು.

"ಭೇಷ್! ಚಿನ್ನದ ಕಾಸಿನಂಗವೆ!" ಎಂದು ಗುರುಮಲ್ಲಪ್ಪ ಹಿಗ್ಗಿದ. ಆಮೇಲೆ ಕೊರಳ ಹಾರ ನೋಡಿ, "ಇದೇನು?" ಎಂದು ಕೇಳಿದ. ರಂಗನಾಯಕ ವಿಷಯ ತಿಳಿಸಿದ.

ಅಂಗಡಿಯ ಮೂಲೆಯಲ್ಲಿ ಹೊಸ ಚಾಪೆ ಹಾಸಿತ್ತು. ರಾಮಲಿಂಗಯ್ಯ ಕುಂಟುತ್ತ ಅತ್ತ ಹೆಜ್ಜೆ ಹಾಕಿದ. ಗುರುಮಲ್ಲಪ್ಪ ಓಡಿ ಬಂದು ಅಡ್ಡ ನಿಂತ.

"ಎಲ್ಲಾದ್ರೂ ಉಂಟಾ! ಸಂಘದ ಅಧ್ಯಕ್ಷರ್ನ ನೆಲದ ಮೇಲೆ ಕೂರ್ಸಿ ಕಾಗ್ದ ಕತ್ತರ್ಸಕ್ಕೆ ಬುಟ್ರೆ ನಾಳೆಯಿಂದ ನಂಗೆ ಯಾವ ನೇಕಾರ ಸೀರೆ ಕೊಡ್ತಾನೆ? ಆ ಕೆಲ್ಸದ ಮಾತು ಬುಟ್ಬುಡಿ."

"ಸಾವ್ಕಾರ್ರೆ, ಸಂಬ್ಳ..."

"ಅಧ್ಯಕ್ಷರಿಗೆ ಸಂಬ್ಳ ಎಲ್ಲೈತೆ? ಅದು ಸೇವೆ!" ಎಂದ ರಂಗನಾಯಕ ಹೆಮ್ಮೆಯಿಂದ.

ಬಸವಯ್ಯ ಗಂಟಲು ಸರಿಮಾಡಿಕೊಂಡ. "ಸಾವ್ಕಾರ್ರೆ, ಎಂಗೂ ಅಧ್ಯಕ್ಷಗಿರಿ ತಪ್ತು. ನಾನು ಖಾಲಿ ಇವ್ನಿ."

"ನಾನೂ ಖಾಲಿನೇ" ಎಂದು ಪುಟ್ಟಸಿದ್ದಯ್ಯ ಅವನನ್ನು ತಳ್ಳಿಕೊಂಡೇ ಬಂದ.

ಚಾಪೆಯ ಈ ತುದಿಗೊಬ್ಬ, ಆ ತುದಿಗೊಬ್ಬ ಕೂತರು. ಗುರುಮಲ್ಲಪ್ಪ ಕುರ್ಚಿಯೊಂದನ್ನು ಎಳೆದು, ಧೂಳು ಒರೆಸಿ, ರಾಮಲಿಂಗಯ್ಯನಿಗೆ ಕೈ ಮುಗಿದ.

"ಇವಕ್ಕೆ ಏನೂ ಬರಕ್ಕಿಲ್ಲ ಅಧ್ಯಕ್ಷರೇ. ದಿನಾ ಬಂದು ತಾವೇ ವಸಿ ಏಳ್ಕೊಡ್ಬೇಕು. ಅದೂ ಸೇವೆನೇ ಅಂದ್ಕೊಳಿ."

ಬಸವಯ್ಯ ಕತ್ತರಿಯನ್ನು ತಲೆಕೆಳಗಾಗಿ ಹಿಡಿದು ಕತ್ತೆತ್ತಿದ. "ಎಲ್ಲಿಂದ ಕತ್ತರ್ಸೋದು, ಅಧ್ಯಕ್ಷರೇ?"