ದಾನಿ ಸೋಮಣ್ಣ ಭೀಮಣ್ಣ, ಮುಕ್ಕಾಂ ಡೋಣಿ

ಹಳೇ ಕಪಾಟು ತೆರೆದರೆ ಜಿರಳೆ ಹೊರಬೀಳಬೇಕು. ನಮ್ಮ ಕಪಾಟಿನಿಂದ ದಾನಿಗಳು ಬಿದ್ದರು, ಒಬ್ಬೊಬ್ಬರೂ ನನ್ನ ಎದೆ ಧಸಕ್ ಎನ್ನಿಸಿಯೇ ಬಿದ್ದರು. ಗದಗಿನಲ್ಲಿ ಬಡಮಕ್ಕಳ ವಸತಿನಿಲಯ ನಡೆಸುವ ಸಣ್ಣ ಸಂಸ್ಥೆ ನಮ್ಮದು. ನಾನು ಅಲ್ಲಿಯ ಗುಮಾಸ್ತೆ, ಎಲ್ಲರ ಬಾಯಲ್ಲಿ 'ಬಾಯಾರು'. ಹಳೇ ರಿಜಿಸ್ಟರಿನ ದಾನಿಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರರು. "ನೋಡ್ರಿ ಬಾಯಾರ, ಒಬ್ಬ ದಾನಿ ತಪ್ಪಿದ್ರೂ ನೀವು ಮನ್ಯಾಗ ಕುಂಡ್ರೂದು," ಅಂದುಬಿಟ್ಟರು. ಅವರು ಹೇಳಿದ್ದನ್ನು ಮಾಡುವ ಪೈಕಿ.

ನಾಲ್ಕು ಸೊಸೆಯರು, ಒಂದು ಫೋನು

ಬೆಟಗೇರಿಯ ನೇಕಾರರ ಮನೆಯೊಂದರ ನಾಲ್ವರು ಸೊಸೆಯರು ಪ್ರತಿ ವರ್ಷ ಮಕ್ಕಳಿಗೆ ಬಟ್ಟೆ ಕೊಡುತ್ತಾರೆ. ನಾಲ್ವರೂ ಬರೆಸಿದ್ದು ಅತ್ತೆಯ ಫೋನ್ ನಂಬರು. ನಂಬರು ಒಂದೇ ಅಂದಮೇಲೆ ಮನುಷ್ಯರೂ ಒಬ್ಬರೇ ಎಂದು ಕಂಪ್ಯೂಟರು ನಾಲ್ವರನ್ನೂ ಒಂದೇ ಹೆಸರಿನಡಿ ಸೇರಿಸಿಬಿಟ್ಟಿತು. ಮೂವರು ದಾನಿಗಳು ಮಾಯ! ಗಾಬರಿಬಿದ್ದು ಆಟೋ ಹಿಡಿದು ಹೋಗಿ ಅತ್ತೆಯ ಮುಂದೆ ತಪ್ಪೊಪ್ಪಿಕೊಂಡೆ.

ಅವರು ಬೆರಗಾಗಿ ಮಗ್ಗದಿಂದ ಎದ್ದೇ ನಿಂತರು. "ಖರೇ ಹೇಳವ್ವಾ, ನಾಕೂ ಮಂದೀನ ಒಂದ ಮಾಡೇತಿ? ಹದಿನೈದು ವರ್ಷ ಆತು, ನನ್ನ ಕೈಲೆ ಆಗಿಲ್ಲ. ಆ ಮಷೀನ ನಮ್ಮನಿಗೆ ಒಂದ ದಿನ ಕೊಡ್ತೀಯೇನು?"

ಗುಟ್ಟಿನ ಚಾದರ

"ಲಕ್ಷ್ಮೇಶ್ವರ ಬಜಾರ. ರಮಜಾನ್ ತಿಂಗಳು. ಇಪ್ಪತ್ತು ಚಾದರ. ಹೆಸರು ಹೇಳಲಿಲ್ಲ." ರಿಜಿಸ್ಟರಿನಲ್ಲಿ ವರ್ಷವರ್ಷವೂ ಇಷ್ಟೇ. ಹೆಸರಿಲ್ಲದೆ ಕಂಪ್ಯೂಟರು ಮುಂದೆ ಹೋಗದು. ಲಕ್ಷ್ಮೇಶ್ವರಕ್ಕೆ ಹೋಗಿ ಚಹಾದಂಗಡಿಯಲ್ಲಿ ಅಳುಕುತ್ತಲೇ ವಿಚಾರಿಸಿದೆ. "ಗುಟ್ಟಾಗಿ ಚಾದರ ಕೊಡೋ ಚಾಚಾ ಏನ್ರಿ? ಅಗೋ, ಮೂರನೇ ಅಂಗಡಿ," ಎಂದು ನಾಲ್ಕು ಮಂದಿ ಒಟ್ಟಿಗೆ ಕೈ ತೋರಿಸಿದರು.

ಬಟ್ಟೆ ವ್ಯಾಪಾರಿ ಚಾಚಾ ಹೌಹಾರಿದರು. "ಯಾ ಅಲ್ಲಾ! ಎಡಗೈಗೂ ಗೊತ್ತಾಗದಂಗ ಕೊಟ್ಟೇನ್ರಿ. ನಿಮಗ್ಯಾರು ಹೇಳಿದ್ರು?"

"ಇಡೀ ಬಜಾರ, ಚಾಚಾ," ಅಂದೆ. ಅವರು ಪಾಪ, ಗಾದಿಯ ಮೇಲೆ ಕುಸಿದರು.

ಹೊರಬಂದರೆ ಚಹಾದಂಗಡಿಯವನು ಪಿಸುಗುಟ್ಟಿದ: "ನಮಗ ಗೊತ್ತೈತಿ ಅಂತ ಹೇಳಿಲ್ಲಲ್ರಿ? ಬ್ಯಾಸರ ಮಾಡ್ಕೋತಾರ!"

ಸನ್ಮಾನ

ಎಲ್ಲ ಏರಿಸಿದ ಮೇಲೆ, ಒಂದು ಸುಗ್ಗಿಯನ್ನೂ ತಪ್ಪಿಸದ ದಾನಿಯನ್ನು ಕಂಪ್ಯೂಟರು ಹುಡುಕಿಕೊಟ್ಟಿತು: ಸೋಮಣ್ಣ ಭೀಮಣ್ಣ, ಡೋಣಿ, ಎರಡು ಚೀಲ ಜೋಳ. ನಮ್ಮ ಕಡೆ ಮಗನ ಹೆಸರಿನ ನಂತರ ಅಪ್ಪನ ಹೆಸರು ಬರೆಯುವುದು ವಾಡಿಕೆ. ಹಾಗಾಗಿ ಭೀಮಣ್ಣನನ್ನು ಅಪ್ಪನ ಖಾನೆಗೆ ಹಾಕಿದ್ದೆ. ಅಧ್ಯಕ್ಷರಿಗೆ ಖುಷಿಯೋ ಖುಷಿ. ಸೋಮಣ್ಣನವರು ಖುದ್ದು ಬರಬೇಕೆಂದು ಪತ್ರ ಹಾಕಿಸಿ, ಸನ್ಮಾನಪತ್ರವನ್ನು ತಾವೇ ಬರೆದರು.

ಸನ್ಮಾನದ ದಿನ ಅಂಗಳಕ್ಕೆ ಟೆಂಪೋ ಬಂತು. ರೈತನೊಬ್ಬ ಹಲಗೆ ಇಟ್ಟು, ಕೋಡಿಗೆ ಬಣ್ಣ ಬಳಿದ ಎತ್ತನ್ನು ಇಳಿಸಿದ. "ಸೋಮಣ್ಣ ಬಂದಾನ್ರಿ."

ಸಭೆ ದಂಗಾಯಿತು.

"ಜೋಳ ಬೆಳಿಯಾಕ ಬೆವರು ಸುರಿಸಿದ್ದು ಇದು. ದಾನಕ್ಕ ನನ್ನ ಹೆಸರು ಹ್ಯಾಂಗ ಬರಸ್ಲಿ?" ಎಂದ ರೈತ.

ಅಧ್ಯಕ್ಷರು ನನ್ನನ್ನು ನುಂಗುವಂತೆ ನೋಡಿ, ಬೇರೆ ದಾರಿ ಕಾಣದೆ ಸನ್ಮಾನಪತ್ರ ಓದಿದರು: "ಮಿತಭಾಷಿ, ಶ್ರಮಜೀವಿ, ಮಣ್ಣಿನ ಮಗ..." ಒಂದಕ್ಷರವೂ ತಿದ್ದಬೇಕಾಗಲಿಲ್ಲ. ಶಾಲು ಹೊದಿಸಿದರು. ಸೋಮಣ್ಣ ಹಾರ ತಿಂದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಉಸಿರುಬಿಟ್ಟೆ, ದಾನಿ ಎತ್ತಾದರೇನು, ತಪ್ಪಿಲ್ಲವಲ್ಲ!

ಆಗ ರೈತ ಕೇಳಿದ: "ಭೀಮಣ್ಣಂದು ಶಾಲು ಎಲ್ಲೈತ್ರಿ?"

"ಅವರಪ್ಪಗೂ ಶಾಲು ಹೊಚ್ಚಬೇಕೇನ್ರಿ?" ಅಂದೆ.

"ಅಪ್ಪ ಅಲ್ರೀ, ಜೋಡೆತ್ತು! ಒಂದು ಚೀಲ ಅದರದು. ಇದನ್ನೊಂದನ್ನ ಕರದೀರಿ ಅಂತ ಅದು ಮುಂಜಾನಿಂದ ಮೇವು ಮುಟ್ಟಿಲ್ಲ."

ಅಧ್ಯಕ್ಷರು ಮೆಲ್ಲಗೆ ನನ್ನತ್ತ ತಿರುಗಿದರು. "ಬಾಯಾರ, ಒಬ್ಬ ದಾನಿ ತಪ್ಪಿದ್ರು."

ಮರುದಿನ ಮೊದಲ ಬಸ್ಸಿಗೇ ಶಾಲು, ಹಾರ ಹಿಡಿದು ಡೋಣಿಗೆ ಓಡಿದೆ. ಭೀಮಣ್ಣ ಹಾರ ತಿಂದ ಮೇಲೆಯೇ ನನ್ನ ನೌಕರಿ ಉಳಿದದ್ದು.