ಮೂವರು ಹೆಂಗಸರು, ಒಂದು ಕಾವಲಿ

‘ನನ್ನ ಜೊತೆ ಬಾಳುವುದು ಕಷ್ಟ’ ಎಂದು ತಮ್ಮ ಬಾಯಿಂದಲೇ ಒಪ್ಪಿಕೊಂಡ ಮನುಷ್ಯರನ್ನು ನಾನು ಇದುವರೆಗೆ ಕಂಡಿಲ್ಲ. ಅತ್ತೆಯನ್ನು ಕೇಳಿದರೆ ಸೊಸೆ ಸರಿಯಿಲ್ಲ, ಸೊಸೆಯನ್ನು ಕೇಳಿದರೆ ಅತ್ತೆ ಸರಿಯಿಲ್ಲ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ನಡುವೆ ಸಿಕ್ಕಿದ ಮಗ ಸರಿಯಿಲ್ಲ. ಜಗತ್ತಿನಲ್ಲಿ ಹೊಂದಿಕೊಂಡು ಹೋಗುವವರೇ ತುಂಬಿರುವಾಗ ಇಷ್ಟೊಂದು ಜಗಳ ಎಲ್ಲಿಂದ ಹುಟ್ಟುತ್ತದೆ ಎಂಬುದು ನನಗೆ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ದುಬೈಯಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಫ್ಲ್ಯಾಟಿನಲ್ಲಿ ಬಾಳಿದ ಮೇಲೆ ಆ ಒಗಟಿಗೆ ಉತ್ತರ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು.

ಊದ್ ಮೇಥಾ ಬಡಾವಣೆಯ ಒಂದು ಹಳೆಯ ಕಟ್ಟಡದಲ್ಲಿ ನಮ್ಮದು ಒಂದೇ ಮಲಗುವ ಕೋಣೆಯ ಮನೆ. ಕರಾರು ನನ್ನ ಹೆಸರಿನಲ್ಲಿತ್ತು. ಇದನ್ನು ನಾನು ಆಗಾಗ ನೆನಪಿಸುತ್ತಿದ್ದೆ ಎಂದು ಉಳಿದಿಬ್ಬರು ಹೇಳುತ್ತಾರೆ. ಕೋಣೆಯಲ್ಲಿ ನಾನು ಮತ್ತು ಬಾಗಲಕೋಟೆ ಕಡೆಯ ಮಾದೇವಕ್ಕ. ಹಾಲ್‌ನಲ್ಲಿ, ಪರದೆಯ ಹಿಂದೆ, ಮಂಗಳೂರಿನ ಹಿಲ್ಡಾ. ನಾನು ಉಡುಪಿ ಕಡೆಯವಳು, ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಕಚೇರಿಯಲ್ಲಿ ಕೆಲಸ. ಹಿಲ್ಡಾ ನೈಫ್ ಪೇಟೆಯ ಒಂದು ಅತ್ತರಿನ ಅಂಗಡಿಯಲ್ಲಿ ನಿಲ್ಲುತ್ತಿದ್ದಳು, ಹಾಗಾಗಿ ಅವಳು ಬರುವ ಮೊದಲೇ ಅವಳ ವಾಸನೆ ಲಿಫ್ಟಿನಲ್ಲಿ ಬಂದಿರುತ್ತಿತ್ತು. ಮಾದೇವಕ್ಕ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ನಮ್ಮಿಬ್ಬರಿಗಿಂತ ಹಿರಿಯರು, ಗಂಡ ಮತ್ತು ಮಗ ಊರಿನಲ್ಲಿ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿದ ಮೇಲೆಯೇ ಅವರು ಬಾಯಿಗೆ ನೀರು ಹಾಕುತ್ತಿದ್ದುದು. ನಾನೂ ಹಿಲ್ಡಾಳೂ ತುಳುವಿನಲ್ಲಿ ಮಾತಾಡುತ್ತಿದ್ದೆವು, ಮಾದೇವಕ್ಕ ಬಂದ ಕೂಡಲೇ ಕನ್ನಡಕ್ಕೆ ಬರುತ್ತಿದ್ದೆವು. “ನಿಮ್ಮ ಕನ್ನಡ ಸಾಲಿ ಪುಸ್ತಕ ಓದಿದಂಗ ಐತವ್ವಾ” ಎಂದು ಅವರು ಹೇಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಟೀವಿ ಒಂದೇ ಇತ್ತು, ಬೇಡಿಕೆ ಮೂರು. ನನಗೆ ಕನ್ನಡ ಧಾರಾವಾಹಿ, ಹಿಲ್ಡಾಳಿಗೆ ಹಾಡು, ಮಾದೇವಕ್ಕನಿಗೆ ಪ್ರವಚನ. ಯಾರಿಗೂ ಬೇಡದ್ದನ್ನು ನೋಡಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ ಎಂಬ ನ್ಯಾಯದಂತೆ, ಸಂಜೆ ಹೊತ್ತು ನಾವು ಒಂದು ಹಳೆಯ ಬ್ರಿಟಿಷ್ ಹಾಸ್ಯ ಧಾರಾವಾಹಿಗೆ ಬಂದು ನಿಂತೆವು. ಲಂಡನ್ನಿನ ಒಂದು ಫ್ಲ್ಯಾಟ್. ಅದರಲ್ಲಿ ಒಬ್ಬರಿಗೊಬ್ಬರು ಹೊಂದದ ಮೂವರು ಹೆಂಗಸರು. ಒಬ್ಬಾಕೆ ನಿವೃತ್ತ ಟೀಚರು, ಎಲ್ಲದಕ್ಕೂ ಕಾನೂನು ಮಾಡುವವಳು. ಇನ್ನೊಬ್ಬಾಕೆ ನಾಟಕದಲ್ಲಿ ಹಾಡುವವಳು, ಒದ್ದೆ ಟವೆಲನ್ನು ಎಲ್ಲೆಂದರಲ್ಲಿ ಬಿಸಾಡುವವಳು. ಮೂರನೆಯವಳು ಇವರಿಬ್ಬರ ನಡುವೆ ನಲುಗುವ, ಬುದ್ಧಿ ನೆಟ್ಟಗಿರುವ, ಆಫೀಸಿಗೆ ಹೋಗುವ ಹುಡುಗಿ. ಆ ಮೂರನೆಯವಳು ನಾನೇ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ. ಬಾತ್‌ರೂಮಿನಲ್ಲಿ ಭಕ್ತಿಗೀತೆ ಹಾಡುವ ಹಿಲ್ಡಾ ಎರಡನೆಯವಳು, ಮಡಿ ಮೈಲಿಗೆಯ ಮಾದೇವಕ್ಕ ಮೊದಲನೆಯವರು ಎಂದು ಮನಸ್ಸಿನಲ್ಲೇ ಪಾತ್ರ ಹಂಚಿಬಿಟ್ಟಿದ್ದೆ. ಒಂದು ದಿನ ಹಿಲ್ಡಾ ಟೀವಿಯ ಕಡೆ ಕೈತೋರಿಸಿ, “ನೋಡು ಮಾರಾಯ್ತಿ, ಆ ಆಫೀಸಿನ ಹುಡುಗಿ ಸರೀ ನನ್ನ ಹಾಗೆಯೇ” ಅಂದಳು. ಪಾಪ, ಮನುಷ್ಯರಿಗೆ ತಮ್ಮ ಬಗ್ಗೆ ಎಷ್ಟು ತಪ್ಪು ತಿಳುವಳಿಕೆ ಇರುತ್ತದೆ ಎಂದುಕೊಂಡೆ.

ಮಾದೇವಕ್ಕ ಮಾತ್ರ ಆ ಹಾಸ್ಯ ಧಾರಾವಾಹಿಯನ್ನು ಒಂದು ದಿನವೂ ನಗದೆ ನೋಡಿದರು. ಅವರಿಗೆ ಅದು ಹಾಸ್ಯವಾಗಿ ಕಾಣಲೇ ಇಲ್ಲ. ಟೀಚರಮ್ಮ ಒಬ್ಬಳೇ ಹುಟ್ಟುಹಬ್ಬದ ಕೇಕು ಕತ್ತರಿಸಿದ ದಿನ ನಾವಿಬ್ಬರೂ ನಕ್ಕೆವು, ಟೀವಿಯೊಳಗಿನ ಕಾಣದ ಜನರೂ ಗೊಳ್ಳೆಂದು ನಕ್ಕರು. ಮಾದೇವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಯಾರವ್ರು ನಗೋರು? ಕಾಣೂದಿಲ್ಲ, ಬರೇ ನಗತಾರ. ಇಷ್ಟು ವಯಸ್ಸಾದ ಹೆಣಮಗಳು ಮಂದಿ ಮನ್ಯಾಗ ಇರೂದು ನಗೂ ಮಾತೇನ?” ಎಂದು ಕೇಳಿದರು. ಹಿಲ್ಡಾ, “ಅದು ಮೊದಲೇ ರೆಕಾರ್ಡು ಮಾಡಿ ಇಟ್ಟ ನಗು ಅಕ್ಕ” ಎಂದು ವಿವರಿಸಿದಳು. ಬೇರೆಯವರ ಕಷ್ಟಕ್ಕೆ ನಗುವುದನ್ನು ಮೊದಲೇ ಮಾಡಿ ಇಟ್ಟಿರುತ್ತಾರೆ ಎಂದು ತಿಳಿದು ಅವರಿಗೆ ಇನ್ನಷ್ಟು ದುಃಖವಾಯಿತು. ಮಾದೇವಕ್ಕನೂ ಹಾಗೆ ಮಂದಿಯ ಮನೆಯಲ್ಲೇ ಇರುವವರು, ಆ ಮಂದಿ ನಾವೇ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಇನ್ನು ಕಾವಲಿಯ ವಿಷಯ. ನಮ್ಮ ಕರಾವಳಿಯಲ್ಲಿ ದೋಸೆಯ ಕಾವಲಿ ಎಂದರೆ ಮನೆಯ ಒಬ್ಬ ಹಿರಿಯ ಸದಸ್ಯ. ಅದರ ಮೇಲೆ ದೋಸೆಯ ಹೊರತು ಬೇರೇನನ್ನೂ ಮಾಡುವಂತಿಲ್ಲ. ಚಪಾತಿ ಸುಟ್ಟರೆ ಮುಗಿಯಿತು, ಮತ್ತೆ ದೋಸೆ ಏಳುವುದಿಲ್ಲ. ನನ್ನದು ಅಮ್ಮ ವರ್ಷಗಟ್ಟಲೆ ಪಳಗಿಸಿದ ಬೀಡು ಕಬ್ಬಿಣದ ಕಾವಲಿ. ನೀರುದೋಸೆ ಹೊಯ್ದರೆ ತಾನಾಗಿ ಅಂಚು ಬಿಟ್ಟು ಏಳುತ್ತಿತ್ತು. ಊರಿನಿಂದ ಬರುವಾಗ ಅದರ ಭಾರಕ್ಕಾಗಿ ನಾನು ಎರಡು ಒಳ್ಳೆಯ ಸೀರೆಗಳನ್ನು ಪೆಟ್ಟಿಗೆಯಿಂದ ತೆಗೆದಿದ್ದೆ. ಸೀರೆ ಇಲ್ಲದೆ ಗಲ್ಫಿಗೆ ಬಂದ ಹೆಂಗಸರು ಇರಬಹುದು, ಕಾವಲಿಗಾಗಿ ಸೀರೆ ಬಿಟ್ಟು ಬಂದವಳು ನಾನೊಬ್ಬಳೇ ಇರಬೇಕು.

ಆಗ ದುಬೈಯಲ್ಲಿ ವಾರದ ರಜೆ ಶುಕ್ರವಾರ, ಚರ್ಚಿಗೆ ಹೋಗುವುದೂ ಅಂದೇ. ಅಂಥ ಒಂದು ಶುಕ್ರವಾರ ಬೆಳಿಗ್ಗೆ, ಹಿಲ್ಡಾ ಚರ್ಚಿನಿಂದ ಬರುವಷ್ಟರಲ್ಲಿ ನೀರುದೋಸೆ ಮಾಡಿಡೋಣವೆಂದು ಕಾವಲಿ ಕಾಯಿಸಿ, ಈರುಳ್ಳಿಯ ಹೋಳಿನಿಂದ ಎಣ್ಣೆ ಸವರಿ, ಹಿಟ್ಟು ಹೊಯ್ದೆ. ದೋಸೆ ಏಳಲಿಲ್ಲ. ಸಟ್ಟುಗದಿಂದ ಕೆರೆದರೆ ಉಪ್ಪಿಟ್ಟಿನಂತೆ ಪುಡಿಪುಡಿಯಾಗಿ ಬಂತು. ಎರಡನೆಯದೂ ಹಾಗೆಯೇ. ಕಾವಲಿಯನ್ನು ಎತ್ತಿ ನೋಡಿದೆ. ನಡುವೆ ಬೂದಿಬಣ್ಣದ ದೊಡ್ಡ ಮಚ್ಚೆ, ಅಂಚಿನಲ್ಲಿ ಸುಟ್ಟ ಹಿಟ್ಟು. ಪೂಜೆ ಮುಗಿಸಿ ಬಂದ ಮಾದೇವಕ್ಕ ಬಹಳ ಸಹಜವಾಗಿ ಹೇಳಿದರು, “ನಿನ್ನೆ ಊರಿಂದ ಜ್ವಾಳದ ಹಿಟ್ಟು ಬಂತಲ್ಲ, ನಾಕು ರೊಟ್ಟಿ ಬಡದೆ. ನನ್ನ ತವಾ ತೆಳ್ಳಗೈತಿ, ರೊಟ್ಟಿ ಸೀದು ಹೊಕ್ಕಾವು. ನಿನ್ನ ಹಂಚು ಚಲೋ ಐತಿ.”

“ಅಕ್ಕ, ಅದು ದೋಸೆಯ ಕಾವಲಿ” ಎಂದೆ.

“ಹಂಚು ಅಂದಮ್ಯಾಲ ರೊಟ್ಟಿ ಬಡಿಯೂದ ಬಿಟ್ಟು ಮತ್ತೇನ ಮಾಡತಾರ? ಪೂಜಿ ಮಾಡತಾರೇನು?”

ನಮ್ಮಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡುತ್ತಾರೆ. ಅಷ್ಟು ಹೇಳಿ ಸುಮ್ಮನಾಗಿದ್ದರೆ ಈ ಪ್ರಬಂಧ ಬರೆಯುವ ಕಷ್ಟ ತಪ್ಪುತ್ತಿತ್ತು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ನಮ್ಮದು ಗ್ಯಾಸಿನ ಒಲೆಯಾದ್ದರಿಂದ ಮಾತಿನ ಪಾಲಿನದು ಮಾತ್ರ ನಡೆಯಿತು. “ನಿಮ್ಮ ಕಡೆ ಎಲ್ಲದಕ್ಕೂ ಒಂದೇ ಹಂಚು ಇರಬಹುದು ಅಕ್ಕ. ನಮ್ಮಲ್ಲಿ ಹಾಗಲ್ಲ, ನಮ್ಮಲ್ಲಿ ಸಂಸ್ಕಾರ ಅಂತ ಒಂದು ಉಂಟು” ಎಂದುಬಿಟ್ಟೆ. ಹಣೆಯಲ್ಲಿ ಇನ್ನೂ ವಿಭೂತಿ ಆರದ ಆ ಹೆಂಗಸು ನನ್ನನ್ನು ಒಂದು ಕ್ಷಣ ನೋಡಿದರು. ಕೂಗಾಡಿದ್ದರೆ ನನಗೂ ಧೈರ್ಯ ಬರುತ್ತಿತ್ತು. ಅವರು ಕೂಗಾಡಲಿಲ್ಲ. “ಒಂದು ಕಬ್ಬಿಣದ ತುಂಡಿಗೆ ನನ್ನ ಸಂಸ್ಕಾರ ತಗದ್ಯಲ್ಲವ್ವಾ. ಇರಲಿ. ತಿಂಗಳ ಕಡಿಗೆ ನಾ ಬ್ಯಾರೆ ಕಡೆ ಹೊಕ್ಕೀನಿ” ಎಂದು ಕೋಣೆಗೆ ನಡೆದರು. ಚರ್ಚಿನಿಂದ ಬಂದ ಹಿಲ್ಡಾ ಪುಡಿಯಾದ ದೋಸೆಯನ್ನೂ ನಮ್ಮಿಬ್ಬರ ಮುಖವನ್ನೂ ನೋಡಿ, “ಒಂದು ಕಾವಲಿಗೆ ಇಷ್ಟೆಲ್ಲ ಎಂತಕ್ಕೆ? ಬ್ರೆಡ್ ತಿನ್ನುವ, ಖಲಾಸ್” ಅಂದಳು. ಯಾರೂ ಬ್ರೆಡ್ ತಿನ್ನಲಿಲ್ಲ.

ಆ ಬ್ರಿಟಿಷ್ ಹೆಂಗಸರ ಜಗಳ ಎಷ್ಟೇ ದೊಡ್ಡದಿದ್ದರೂ ಅರ್ಧ ಗಂಟೆಯೊಳಗೆ ರಾಜಿಯಾಗುತ್ತಿತ್ತು, ನಡುವೆ ಜಾಹೀರಾತಿಗೂ ಸಮಯ ಸಿಗುತ್ತಿತ್ತು. ನಮ್ಮದು ದಿನಗಟ್ಟಲೆ ನಡೆಯಿತು. ಮಾದೇವಕ್ಕ ಎಂದಿನಂತೆ ಬೆಳಿಗ್ಗೆ ನನ್ನನ್ನು ಕಂಪೆನಿಯ ಬಸ್ಸಿಗೆ ಎಬ್ಬಿಸುತ್ತಿದ್ದರು. ಆದರೆ ಮೊದಲು “ಏಳವ್ವಾ” ಎನ್ನುತ್ತಿದ್ದವರು ಈಗ ಮಂಚದ ಕಾಲಿಗೆ ಮೆಲ್ಲನೆ ತಟ್ಟಿ ಹೋಗುತ್ತಿದ್ದರು. ಹಿಂದೊಮ್ಮೆ ನನಗೆ ಜ್ವರ ಬಂದಾಗ ಡ್ಯೂಟಿ ಮುಗಿಸಿ ಬಂದು ಹಣೆಗೆ ಒದ್ದೆ ಬಟ್ಟೆ ಇಟ್ಟದ್ದು ಇದೇ ಕೈ. ಅವರು ಹೋಗುವುದು ನನಗೆ ಬೇಡವಾಗಿತ್ತು. ಅದನ್ನು ಅವರಿಗೆ ಹೇಳುವುದು ಬಿಟ್ಟು ನಾನು ಬೇರೆ ಎಲ್ಲವನ್ನೂ ಮಾಡಿದೆ. ಹೋಗುವವರಿಂದ ನನಗೇನೂ ನಷ್ಟವಿಲ್ಲ ಎಂದು ತೋರಿಸಲು ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ, ‘ಊದ್ ಮೇಥಾದಲ್ಲಿ ಬೆಡ್‌ಸ್ಪೇಸ್ ಖಾಲಿ ಉಂಟು, ಹೊಂದಿಕೊಂಡು ಹೋಗುವ ಹೆಂಗಸರಿಗೆ ಮಾತ್ರ’ ಎಂದು ಹಾಕಿದೆ.

ಹೊಂದಿಕೊಂಡು ಹೋಗುವವರು ಬರತೊಡಗಿದರು. ಮೊದಲು ಬಂದದ್ದು ಬ್ಯಾಂಕಿನಲ್ಲಿರುವ ಹುಬ್ಬಳ್ಳಿಯ ಹುಡುಗಿ. ಅವಳಿಗೆ ಫ್ರಿಜ್ಜಿನಲ್ಲಿ ಯಾವ ಹಲಗೆ ಯಾರದು, ಬಾತ್‌ರೂಮಿನ ಯಾವ ಬಕೆಟ್ ಯಾರದು, ನೆಲ ಒರೆಸುವ ಬಟ್ಟೆಯನ್ನು ಯಾವ ಮೂಲೆಯಲ್ಲಿ ಯಾವ ಮುಖವಾಗಿ ಒಣಗಿಸಬೇಕು ಎಂಬುದನ್ನೆಲ್ಲ ಪ್ರೀತಿಯಿಂದಲೇ ತಿಳಿಸಿದೆ. ಹುಡುಗಿ, “ಐ ವಿಲ್ ಲೆಟ್ ಯೂ ನೋ ಆಂಟಿ” ಎಂದು ಹೋದವಳು ಇಂದಿನವರೆಗೂ ತಿಳಿಸಿಲ್ಲ. ಆಮೇಲೆ ಬಂದ ಮೈಸೂರಿನ ಟೀಚರು ಅರ್ಧ ಚಹಾದಲ್ಲಿ ಎದ್ದು, ನಿಮ್ಮ ಲಿಫ್ಟು ಸರಿಯಿಲ್ಲ ಎಂದರು. ನಮ್ಮ ಲಿಫ್ಟು ಬಹಳ ಚೆನ್ನಾಗಿತ್ತು.

ಕೊನೆಗೆ ಕುಂದಾಪುರದ ಹುಡುಗಿಯೊಬ್ಬಳು ಬಂದಾಗ ನನಗೆ ಧೈರ್ಯ ಬಂತು. ನಮ್ಮ ಕಡೆಯವಳು, ಕಾವಲಿಗೂ ಹಂಚಿಗೂ ಇರುವ ಅಂತರ ಹುಟ್ಟಿನಿಂದ ಬಲ್ಲವಳು. ಅಡುಗೆಮನೆಯಲ್ಲಿ ನಿಲ್ಲಿಸಿ ಎಲ್ಲವನ್ನೂ ವಿವರಿಸಿದೆ. ಅವಳು ಗಂಭೀರವಾಗಿ ಕೇಳಿ, “ಅಕ್ಕ, ನಾ ಬೆಳಿಗ್ಗೆ ಓಟ್ಸ್ ತಿಂಬುದ್. ಅದಕ್ಕೂ ಬೇರೆ ಪಾತ್ರೆ ಇತ್ತಾ?” ಎಂದಳು. ಅದರ ಬಗ್ಗೆ ನಾನು ಯೋಚಿಸಿರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ.

ಅವಳನ್ನು ಲಿಫ್ಟಿನವರೆಗೆ ಕಳಿಸಲು ಮಾದೇವಕ್ಕ ಹೋದರು. ಬಾಗಿಲು ಅರ್ಧ ತೆರೆದಿತ್ತು. ಹಿಲ್ಡಾಳೂ ನಾನೂ ಹಾಲ್‌ನಲ್ಲಿ ನಿಂತಿದ್ದೆವು. ಹುಡುಗಿ ಹೇಳುವುದು ಸ್ಪಷ್ಟವಾಗಿ ಕೇಳಿಸಿತು, “ಅಕ್ಕ, ನೀವ್ ಎಂತಕ್ಕೆ ಈ ಮನೆ ಬಿಡುದ್ ಅಂತ ನಂಗೆ ಈಗ ಗೊತ್ತಾಯ್ತ್.” ಹಿಲ್ಡಾಳ ಕಡೆ ನೋಡಿದರೆ ಅವಳು ಚಾವಣಿಯ ಫ್ಯಾನನ್ನು ನೋಡುತ್ತಿದ್ದಳು. ಆಗ ಮಾದೇವಕ್ಕನ ದನಿ ಏರಿತು. “ಏ ತಂಗಿ, ನಮ್ಮ ಮನಿ ಮಂದಿ ಬಗ್ಗೆ ನಮ್ಮ ಬಾಗಲದಾಗ ನಿಂತು ಮಾತಾಡಬ್ಯಾಡ. ಆಕಿ ಬಾಯಿ ಅಷ್ಟ ಖಾರ. ನಾವು ಉಂಡು ನೋಡೀವಿ, ನಮಗ ಗೊತ್ತೈತಿ. ನೀ ನಡಿ.”

ಒಳಗೆ ಬಂದವರೇ ನೇರ ಕೋಣೆಗೆ ಹೋಗಿ, ಕಟ್ಟಿಟ್ಟಿದ್ದ ಪೆಟ್ಟಿಗೆ ತೆರೆದು, ಸೀರೆಗಳನ್ನು ಮತ್ತೆ ಕಪಾಟಿನಲ್ಲಿ ಜೋಡಿಸತೊಡಗಿದರು. ನಾನು ಬಾಗಿಲಲ್ಲಿ ನಿಂತೆ. ಕ್ಷಮೆ ಕೇಳಬೇಕೆಂದು ಎಷ್ಟೋ ದಿನದಿಂದ ಸಿದ್ಧಮಾಡಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಆ ಮಾತು ನಾನು ಆಡಬಾರದಿತ್ತು ಅಕ್ಕ” ಎಂದಷ್ಟೇ ಹೇಳಿದೆ. ಅವರು ತಿರುಗಲಿಲ್ಲ. “ಆಡಿ ಆತಲ್ಲ” ಎಂದರು. ಆದರೆ ದನಿಯಲ್ಲಿ ಹಳೆಯ ಮೃದುತನ ಇತ್ತು. ನನಗೆ ಧೈರ್ಯ ಬಂದು, ಎದೆ ತುಂಬಿ, “ನನಗಾಗಿ ಉಳಿದಿರಲ್ಲ ಅಕ್ಕ” ಎಂದೆ.

ಮಾದೇವಕ್ಕ ಕೈಯಲ್ಲಿದ್ದ ಸೀರೆಯನ್ನು ಮಡಚಿ ಇಟ್ಟು ನನ್ನ ಕಡೆ ತಿರುಗಿದರು. “ನಿನಗಾಗಿ ಯಾಕ? ನಾ ಹೋದ್ರ ಈ ಮನಿಗೆ ಯಾರೂ ಬರೂದಿಲ್ಲ, ಅದು ಖರೇ ಆತು. ಆ ಹಿಲ್ಡಾ ಪಾಪ ದೇವರಂಥಾಕಿ. ನಿನ್ನ ಜೋಡಿ ಆಕಿನ್ನ ಒಬ್ಬಾಕಿನ್ನ ಬಿಟ್ಟು ಹೋದ್ರ ನಮ್ಮ ಬಸವಣ್ಣ ನನ್ನ ಮೆಚ್ಚತಾನೇನು?”

ಪರದೆಯ ಹಿಂದಿನಿಂದ ಹಿಲ್ಡಾ, “ದೇವರು ನಿಮ್ಮನ್ನು ಚೆನ್ನಾಗಿ ಇಡಲಿ ಅಕ್ಕ” ಎಂದಳು. ಅವಳ ದನಿಯಲ್ಲಿ ತಮಾಷೆ ಎಳ್ಳಷ್ಟೂ ಇರಲಿಲ್ಲ.

ಅಂದು ಸಂಜೆ, ಯಾರೂ ಕೇಳದೆಯೇ, ನಾನು ಶುಂಠಿ ಜಜ್ಜಿ ಹಾಕಿ ಹಿಲ್ಡಾಳಿಗೆ ಒಳ್ಳೆಯ ಚಹಾ ಮಾಡಿ ಕೊಟ್ಟೆ. ಮರುದಿನವೂ ಕೊಟ್ಟೆ. ಅವಳ ಒದ್ದೆ ಟವೆಲ್ ಸೋಫಾದ ಮೇಲಿದ್ದರೆ ಬಾಯಿ ಮುಚ್ಚಿಕೊಂಡು ಒಣಗಿಸುತ್ತಿದ್ದೆ. ಹಿಲ್ಡಾ ಬೇಸತ್ತು ಮನೆ ಬಿಟ್ಟರೆ ಮಾದೇವಕ್ಕನಿಗೆ ಉಳಿಯಲು ಕಾರಣವೇ ಇರುವುದಿಲ್ಲವಲ್ಲ.